ಕಬ್ಬಿಣದ ಊರಿನ ಹಾಡು

ಇಂಗ್ಲೆಂಡಿಗೆ ಹೋಗಿಬರುವ ನಮ್ಮವರು ಲಂಡನ್ನನ್ನು ನೋಡುವರು; ಆಕ್ಸ್‌ಫರ್ಡಿನ ವಿದ್ಯಾಶಾಲೆಗಳನ್ನು ನೋಡುವರು; ಷೇಕ್ಸ್‌ಪಿಯರನು ಹುಟ್ಟಿದ ಸ್ಟ್ರ್ಯಾಟ್‌ಫರ್ಡಿಗೆ ಹೋಗಿ, ಆ ಮನೆಯ ಹೊಸ್ತಿಲನ್ನು ತುಳಿದು, ಧನ್ಯರಾದೆವೆಂದು ಹಿಂದಿರುಗುವರು. ಆ ಸ್ಟ್ರ್ಯಾಟ್‌ಫರ್ಡಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಬರ್ಮಿಂಗ್‌ಹ್ಯಾಮನ್ನು ನೋಡಲೆಂದೇ ಹೋಗುವವರು ವಿರಳ. ಅದು ರೈಲು ಬದಲಾಯಿಸುವ ಊರು ಎಂಬುದೇ ಹೆಚ್ಚಿನವರ ಭಾವನೆ. ಅಲ್ಲಿ ನೋಡತಕ್ಕದ್ದೇನು ಎಂದು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ. ಆದರೆ ಅಲ್ಲಿ ಕೇಳತಕ್ಕದ್ದೊಂದು ಉಂಟು. ಇಂದು ಲೋಕದ ನಾನಾ ದೇಶಗಳ ತರುಣರು ಕಿವಿಗೊಟ್ಟು ಕೇಳುವ, ಅವರ ತಾಯಿತಂದೆಗಳು ಕಿವಿ ಮುಚ್ಚಿಕೊಳ್ಳುವ ‘ಹೆವಿ ಮೆಟಲ್’ ಎಂಬ ಸಂಗೀತವು ಈ ಊರಿನಲ್ಲಿಯೇ ಹುಟ್ಟಿತೆಂದು ಬಲ್ಲವರು ಹೇಳುವರು. ಹೆವಿ ಮೆಟಲ್ ಎಂದರೆ ಭಾರವಾದ ಲೋಹ. ಊರನ್ನು ಕಂಡವರಿಗೆ ಆ ಹೆಸರು ವಿಚಿತ್ರವೆನಿಸದು.

ನ್ಯೂ ಸ್ಟ್ರೀಟ್ ರೈಲ್ವೆ ನಿಲ್ದಾಣದಲ್ಲಿ ಇಳಿದೊಡನೆಯೇ ಪ್ರವಾಸಿಯನ್ನು ಎದುರುಗೊಳ್ಳುವುದು ಒಂದು ಯಂತ್ರದ ಗೂಳಿ. ಅದರ ಎತ್ತರ ಸುಮಾರು 10 ಮೀಟರು. 2022ರಲ್ಲಿ ಈ ನಗರದಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳು ನಡೆದಾಗ ಪ್ರಾರಂಭೋತ್ಸವಕ್ಕಾಗಿ ಅದನ್ನು ಕಟ್ಟಿದರು. ಸರಪಣಿ ಮಾಡುವ ಹೆಂಗಸರು ಅದನ್ನು ಎಳೆದು ತರುವಂತೆ ಉತ್ಸವದಲ್ಲಿ ತೋರಿಸಿದ್ದರು. ಇದು ಬರಿಯ ಅಲಂಕಾರವಲ್ಲ. ಊರಿಗೆ ಪಶ್ಚಿಮದಲ್ಲಿರುವ ಕ್ರೇಡ್ಲಿ ಹೀತ್ ಎಂಬಲ್ಲಿ ಮನೆಯ ಹಿತ್ತಲಿನ ಕುಲುಮೆಗಳಲ್ಲಿ ಸರಪಣಿ ಬೆಸೆಯುತ್ತಿದ್ದ ಬಡ ಹೆಂಗಸರು 1910ರಲ್ಲಿ ಮುಷ್ಕರ ಹೂಡಿ, ವಾರಗಟ್ಟಲೆ ಬಿಡದೆ ನಿಂತು, ನ್ಯಾಯವಾದ ಕೂಲಿಯನ್ನು ಪಡೆದುಕೊಂಡಿದ್ದರು. ಆ ಗೂಳಿಯನ್ನು 2023ರಲ್ಲಿ ನಿಲ್ದಾಣಕ್ಕೆ ತಂದು ನಿಲ್ಲಿಸಿದಾಗ ಹೆಸರನ್ನು ಜನರ ಮತದಿಂದಲೇ ಗೊತ್ತುಮಾಡಿದರು. ಜನರು ಆರಿಸಿದ ಹೆಸರು ‘ಓಜಿ’. ಅದು ಅರಸನ ಹೆಸರಲ್ಲ, ಸಂತನ ಹೆಸರಲ್ಲ. ಕಸಾಯಿಖಾನೆಯಲ್ಲಿ ದುಡಿದು, ಸೆರೆಮನೆಯನ್ನೂ ಕಂಡು, ಕೊನೆಗೆ ಹಾಡುಗಾರನಾದ ಒಬ್ಬ ಬಡವರ ಮನೆಯ ಹುಡುಗನ ಹೆಸರು. ಈ ಹೆಸರಿನ ಕಥೆಯನ್ನು ತಿಳಿಯಬೇಕಾದರೆ ಓದುಗರು ನನ್ನೊಡನೆ ಊರಿನಲ್ಲಿ ಸ್ವಲ್ಪ ದೂರ ನಡೆಯಬೇಕು.

ಬರ್ಮಿಂಗ್‌ಹ್ಯಾಮಿಗೆ ‘ಸಾವಿರ ಕಸುಬುಗಳ ಊರು’ ಎಂಬ ಬಿರುದುಂಟು. ಗುಂಡಿ, ಲೇಖನಿಯ ಮುಳ್ಳು, ಬೀಗ, ಬಂದೂಕು, ಒಡವೆ, ಮೋಟಾರು ಗಾಡಿ, ಇವೆಲ್ಲ ಇಲ್ಲಿ ತಯಾರಾಗುತ್ತಿದ್ದುವು. ಜೇಮ್ಸ್ ವಾಟನು ತನ್ನ ಉಗಿಯಂತ್ರಗಳನ್ನು ಬೋಲ್ಟನ್ ಎಂಬ ಸಾಹುಕಾರನ ಜೊತೆಗೂಡಿ ಜಗತ್ತಿಗೆ ಒದಗಿಸಿದುದು ಇಲ್ಲಿಂದಲೇ. ಊರಿನ ಪಶ್ಚಿಮಕ್ಕೆ ಹಬ್ಬಿರುವ ಗಣಿ ಕುಲುಮೆಗಳ ಸೀಮೆಯನ್ನು ‘ಬ್ಲ್ಯಾಕ್ ಕಂಟ್ರಿ’ ಎಂದು ಕರೆಯುವರು. ನಮ್ಮದು ಎರೆಮಣ್ಣಿನಿಂದ ಕರಿದಾದ ನಾಡೆಂದು ಹೇಳುವವರುಂಟು. ಅದಾದರೋ ಹೊಗೆಯಿಂದಲೂ ಮಸಿಯಿಂದಲೂ ಕರಿದಾದ ನಾಡು. ಈ ಕುಲುಮೆಗಳಿಗೆ ಇದ್ದಿಲನ್ನೂ ಕಬ್ಬಿಣವನ್ನೂ ಸಾಗಿಸುವುದಕ್ಕೆ ತೋಡಿದ ಕಾಲುವೆಗಳು ಇಂದಿಗೂ ನಗರದ ನಡುವೆ ಹರಿದಿವೆ. ಗ್ಯಾಸ್ ಸ್ಟ್ರೀಟಿನ ದೋಣಿಕಟ್ಟೆಯಲ್ಲಿ ಈಗ ಇದ್ದಿಲಿನ ದೋಣಿಗಳಿಲ್ಲ. ಬಣ್ಣ ಬಳಿದ ವಿಹಾರದ ದೋಣಿಗಳು ತೂಗಾಡುತ್ತವೆ. ಅಲ್ಲಿಯೇ ಸಮೀಪದಲ್ಲಿ ಬ್ರಾಡ್ ಸ್ಟ್ರೀಟ್ ಎಂಬ ದೊಡ್ಡ ಬೀದಿಯು ಕಾಲುವೆಯನ್ನು ದಾಟುವೆಡೆಯಲ್ಲಿರುವ ಸೇತುವೆಗೆ 2019ರಲ್ಲಿ ‘ಬ್ಲ್ಯಾಕ್ ಸ್ಯಾಬತ್ ಸೇತುವೆ’ ಎಂದು ನಾಮಕರಣವಾಯಿತು. ಅದರ ಮೇಲೆ ಲೋಹದ ಒಂದು ಆಸನ; ಆಸನದ ಬೆನ್ನಿನಲ್ಲಿ ನಾಲ್ವರ ಮುಖಗಳು: ಟೋನಿ ಐಯೋಮಿ, ಓಜಿ ಆಸ್‌ಬರ್ನ್, ಗೀಜರ್ ಬಟ್ಲರ್, ಬಿಲ್ ವಾರ್ಡ್.

ಈ ನಾಲ್ವರೂ ಬೆಳೆದುದು ಆಸ್ಟನ್ ಎಂಬ ಕೇರಿಯಲ್ಲಿ. ನಗರದ ಮಧ್ಯದಿಂದ ರೈಲಿನಲ್ಲಿ ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಮುಟ್ಟಬಹುದು. ಒಂದು ಕಡೆ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಆಸ್ಟನ್ ಹಾಲ್ ಎಂಬ ಕೆಂಪಿಟ್ಟಿಗೆಯ ಅರಮನೆ. ಅದರ ಪಕ್ಕದಲ್ಲಿಯೇ ವಿಲ್ಲಾ ಪಾರ್ಕ್ ಎಂಬ ಕಾಲ್ಚೆಂಡಿನ ಕ್ರೀಡಾಂಗಣ. ಸುತ್ತಲೂ ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಈಗ ಇಲ್ಲಿ ಭಾರತಖಂಡದ ಕಡೆಯಿಂದ ಹೋಗಿ ನೆಲಸಿದ ಕುಟುಂಬಗಳು ಬಹಳ. ಆ ನಾಲ್ವರ ಬಾಲ್ಯದಲ್ಲಿ ಆಸ್ಟನ್ ಕಾರ್ಖಾನೆಗಳ ಕೇರಿಯಾಗಿದ್ದಿತು. ಅವರು ಹುಟ್ಟಿದುದು 1948, 1949ರ ಸುಮಾರಿನಲ್ಲಿ. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಜರ್ಮನಿಯ ವಿಮಾನಗಳು ಈ ಊರಿನ ಕಾರ್ಖಾನೆಗಳನ್ನು ಹುಡುಕಿಕೊಂಡು ಬಂದು ಬಾಂಬುಗಳನ್ನು ಸುರಿಸಿದ್ದುವು. ಎರಡು ಸಾವಿರಕ್ಕೂ ಮಿಕ್ಕ ಜನರು ಸತ್ತಿದ್ದರು. ಕುಸಿದ ಮನೆಗಳ ಹಾಳುಸ್ಥಳಗಳೇ ಆ ಕಾಲದ ಮಕ್ಕಳಿಗೆ ಆಟದ ಬಯಲು. ಹೂವಿನ ತೋಟವನ್ನು ಕಂಡು ಬೆಳೆದವನು ಹೂವನ್ನು ಹಾಡುವನು. ಹಾಳುಗೋಡೆಯ ನಡುವೆ ಬೆಳೆದವನು ಏನನ್ನು ಹಾಡಬೇಕು?

ಆದರೆ ಯಂತ್ರಗಳ ಸದ್ದನ್ನು ಕೇಳಿ ಕೇಳಿ ಇವರ ಹಾಡೂ ಯಂತ್ರದಂತಾಯಿತೆಂದು ಹೇಳಿಬಿಡುವುದು ಅರ್ಧ ಸತ್ಯ ಮಾತ್ರ. ಯಂತ್ರದ ಸದ್ದಿಗಿಂತಲೂ ಯಂತ್ರವು ಮಾಡಿದ ಗಾಯವೇ ಈ ಸಂಗೀತಕ್ಕೆ ಹೆಚ್ಚು ಸಮೀಪವಾದ ಕಾರಣ. ಟೋನಿ ಐಯೋಮಿಯು ಹದಿನೇಳು ವರ್ಷದ ಹುಡುಗನಾಗಿದ್ದಾಗ ತಗಡಿನ ಕಾರ್ಖಾನೆಯೊಂದರಲ್ಲಿ ಕೂಲಿಗಿದ್ದನು. ಗಿಟಾರ್ ನುಡಿಸುತ್ತ ಊರೂರು ತಿರುಗುವ ಅವಕಾಶ ಬಂದು, ಕೆಲಸವನ್ನು ಬಿಡಲು ನಿಶ್ಚಯಿಸಿದ್ದನು. ಅದು ಕಡೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲವೆಂದನು. ತಾಯಿಯು, ಹಿಡಿದ ಕೆಲಸವನ್ನು ಮುಗಿಸಿ ಬರುವುದೇ ಮರ್ಯಾದೆಯೆಂದು ಹೇಳಿ ಕಳುಹಿಸಿದಳು. ಯಾವ ತಾಯಿಯಾದರೂ ಹೇಳತಕ್ಕ ಮಾತೇ ಅದು. ಆ ಮಧ್ಯಾಹ್ನ, ತನಗೆ ರೂಢಿಯಿಲ್ಲದ ಯಂತ್ರದ ಮುಂದೆ ನಿಂತಿದ್ದಾಗ, ತಗಡನ್ನು ಅದುಮುವ ಆ ಯಂತ್ರವು ಅವನ ಬಲಗೈಯ ಮೇಲೆ ಬಿದ್ದು, ನಡುಬೆರಳಿನ ಮತ್ತು ಉಂಗುರದ ಬೆರಳಿನ ತುದಿಗಳು ಹೋದುವು. ಐಯೋಮಿಯು ಎಡಚನು, ಎಡಗೈಯಿಂದ ತಂತಿ ಮೀಟಿ ಬಲಗೈಯಿಂದ ಸ್ವರಸ್ಥಾನಗಳನ್ನು ಒತ್ತುವವನು. ಹೋದುವು ಆ ಒತ್ತುವ ಬೆರಳುಗಳೇ. ಇನ್ನು ಗಿಟಾರಿನ ಆಸೆ ಬಿಡೆಂದು ವೈದ್ಯರು ಹೇಳಿದರು.

ಆಗ ಕಾರ್ಖಾನೆಯ ಮೇಲ್ವಿಚಾರಕನು ಅವನನ್ನು ನೋಡಲು ಬಂದು ಒಂದು ಗ್ರಾಮಫೋನ್ ತಟ್ಟೆಯನ್ನು ಕೇಳಿಸಿದನು. ಅದು ಜ್ಯಾಂಗೋ ರೈನ್‌ಹಾರ್ಟ್ ಎಂಬ ಜಿಪ್ಸಿ ವಾದಕನದು. ಅವನ ಎಡಗೈ 1928ರಲ್ಲಿ ಬೆಂಕಿಯಲ್ಲಿ ಬೆಂದು ಎರಡು ಬೆರಳುಗಳು ಮುರುಟಿಹೋಗಿದ್ದುವು. ಉಳಿದ ಎರಡರಿಂದಲೇ ಆತನು ಯುರೋಪಿನಲ್ಲೆಲ್ಲ ಹೆಸರಾಗಿದ್ದನು. ಇದನ್ನು ಕೇಳಿದ ಹುಡುಗನು ಎದ್ದನು. ಪಾತ್ರೆ ತೊಳೆಯುವ ಸಾಬೂನಿನ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ, ದರ್ಜಿಯು ಬೆರಳಿಗಿಟ್ಟುಕೊಳ್ಳುವಂಥ ಟೊಪ್ಪಿಗೆಗಳನ್ನು ಮಾಡಿ, ಬಿಸಿಯ ಕಬ್ಬಿಣದಿಂದ ತಿದ್ದಿ, ಹಳೆಯ ತೊಗಲಂಗಿಯ ಚೂರುಗಳನ್ನು ಅವುಗಳ ಮೇಲೆ ಅಂಟಿಸಿಕೊಂಡನು. ದಪ್ಪ ತಂತಿಗಳನ್ನು ಒತ್ತಿದರೆ ನೋವು. ಆದುದರಿಂದ ಬ್ಯಾಂಜೋ ವಾದ್ಯದ ತೆಳುತಂತಿಗಳನ್ನು ಕಟ್ಟಿದನು. ಮುಂದೆ 1971ರ ಆಲ್ಬಮ್ಮಿನಲ್ಲಿ ಕೆಲವು ಹಾಡುಗಳಿಗೆ ಶ್ರುತಿಯನ್ನೇ ಮೂರು ಸ್ವರಸ್ಥಾನಗಳಷ್ಟು ಇಳಿಸಿ ತಂತಿಗಳನ್ನು ಸಡಿಲಿಸಿದನು. ನಾದವು ಇನ್ನಷ್ಟು ಗಂಭೀರವಾಯಿತು. ನೋವನ್ನು ತಪ್ಪಿಸಿಕೊಳ್ಳಲು ಹುಡುಕಿದ ಉಪಾಯವೇ ಒಂದು ಹೊಸ ಸಂಗೀತದ ಲಕ್ಷಣವಾಯಿತು.

ಓಜಿಯ ಕಥೆಯೂ ಸುಖದ್ದಲ್ಲ. ಆರು ಮಕ್ಕಳ ಸಂಸಾರ. ತಂದೆಗೆ ಕಾರ್ಖಾನೆಯಲ್ಲಿ ರಾತ್ರಿಯ ಪಾಳಿ, ತಾಯಿಗೂ ಕಾರ್ಖಾನೆಯ ಕೆಲಸ. ಹುಡುಗನಿಗೆ ಅಕ್ಷರಗಳು ಕಣ್ಣಿಗೆ ಸರಿಯಾಗಿ ಹೊಂದುತ್ತಿರಲಿಲ್ಲ. ಹದಿನೈದಕ್ಕೆ ಶಾಲೆ ಮುಗಿಯಿತು. ಮೋಟಾರು ಗಾಡಿಯ ಹಾರನ್‌ಗಳ ಸದ್ದನ್ನು ಪರೀಕ್ಷಿಸುವ ಕೆಲಸ ಮಾಡಿದನು, ಕಸಾಯಿಖಾನೆಯಲ್ಲಿ ದುಡಿದನು, ಕಳ್ಳತನಕ್ಕೆ ಕೈಹಾಕಿ ಸಿಕ್ಕಿಬಿದ್ದನು. ತಂದೆಯು ದಂಡ ಕಟ್ಟಲೊಲ್ಲದೆ ಹೋದುದರಿಂದ ವಿನ್ಸನ್ ಗ್ರೀನ್ ಸೆರೆಮನೆಯಲ್ಲಿ ಆರು ವಾರ ಕಳೆದನು. ಅದೇ ತಂದೆಯು ಮುಂದೆ ಸಾಲ ಮಾಡಿ ಮಗನಿಗೆ ಧ್ವನಿವರ್ಧಕ ಯಂತ್ರವನ್ನು ಕೊಡಿಸಿದನು. ದಂಡಕ್ಕೆ ಕೊಡದ ಹಣವನ್ನು ಹಾಡಿಗೆ ಕೊಟ್ಟ ಆ ತಂದೆಯ ವಿವೇಕವನ್ನು ಗೃಹಸ್ಥರಾದ ನಾವು ಮೆಚ್ಚಬೇಕು. ಧ್ವನಿವರ್ಧಕವಿದ್ದುದರಿಂದಲೇ ಇತರ ಹುಡುಗರು ಅವನನ್ನು ಮೇಳಕ್ಕೆ ಸೇರಿಸಿಕೊಂಡರು. 1968ರಲ್ಲಿ ನಾಲ್ವರೂ ಕೂಡಿದರು. ಎದುರಿನ ಚಿತ್ರಮಂದಿರದಲ್ಲಿ ‘ಬ್ಲ್ಯಾಕ್ ಸ್ಯಾಬತ್’ ಎಂಬ ಭಯಾನಕ ಚಿತ್ರಕ್ಕೆ ಜನರು ಸಾಲುಗಟ್ಟಿದ್ದುದನ್ನು ಕಂಡು, ಹೆದರಿಕೊಳ್ಳುವುದಕ್ಕೂ ಜನರು ದುಡ್ಡು ಕೊಡುವರಲ್ಲಾ ಎಂದು ಬೆರಗಾಗಿ, 1969ರಲ್ಲಿ ಮೇಳಕ್ಕೆ ಆ ಹೆಸರನ್ನಿಟ್ಟರು.

1970ರ ಫೆಬ್ರವರಿಯಲ್ಲಿ ಇವರ ಮೊದಲನೆಯ ಆಲ್ಬಮ್ ಹೊರಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಂದ ಎರಡನೆಯದೇ ನಾವು ಇಲ್ಲಿ ವಿಚಾರಮಾಡುವ ‘ಪ್ಯಾರನಾಯ್ಡ್’. ಅದನ್ನು ಲಂಡನ್ನಿನಲ್ಲಿ ಕೆಲವೇ ದಿನಗಳಲ್ಲಿ ಮುದ್ರಿಸಿದರು. ಒಟ್ಟು ಎಂಟು ಹಾಡುಗಳು. ಸುಮಾರು 42 ನಿಮಿಷ. ಮೊದಲು ಇದಕ್ಕೆ ‘ವಾರ್ ಪಿಗ್ಸ್’, ಎಂದರೆ ಯುದ್ಧದ ಹಂದಿಗಳು, ಎಂಬ ಹೆಸರಿಡುವುದಿತ್ತು. ತಟ್ಟೆಯಲ್ಲಿ ಇನ್ನೂ ಸ್ವಲ್ಪ ಜಾಗ ಉಳಿದುದರಿಂದ, ಅದನ್ನು ತುಂಬಿಸಲೆಂದು ಅವಸರದಲ್ಲಿ ಕಟ್ಟಿದ ಮೂರು ನಿಮಿಷದೊಳಗಿನ ಚಿಕ್ಕ ಹಾಡೊಂದು ಎಲ್ಲಕ್ಕಿಂತ ಹೆಚ್ಚು ಹೆಸರಾಗಿ, ಆಲ್ಬಮ್ಮಿಗೇ ತನ್ನ ಹೆಸರನ್ನು ಕೊಟ್ಟಿತು. ಹೆಸರು ಬದಲಾಯಿತೇ ಹೊರತು ಮುಖಚಿತ್ರವು ಬದಲಾಗಲಿಲ್ಲ. ಕತ್ತಿ ಗುರಾಣಿಗಳನ್ನು ಹಿಡಿದು ಕತ್ತಲೆಯಿಂದ ನುಗ್ಗುತ್ತಿರುವ ಯುದ್ಧವೀರನು ಅದರ ಮೇಲೆ ಹಾಗೆಯೇ ಉಳಿದನು. ಅವನಿಗೂ ಆ ಹೆಸರಿಗೂ ಏನು ಸಂಬಂಧವೆಂದು ಕೊಂಡವರು ತಲೆ ಕೆರೆದುಕೊಂಡರು. ವಿಮರ್ಶಕರಲ್ಲಿ ಬಹುಮಂದಿ ಮೂಗು ಮುರಿದರು. ಆದರೂ ಅಕ್ಟೋಬರಿನಲ್ಲಿ ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯದಾಯಿತು.

ಹಾಡುಗಳ ಮಾತುಗಳನ್ನು ಹೆಚ್ಚಾಗಿ ಬರೆದವನು ಗೀಜರ್ ಬಟ್ಲರ್. ಐರಿಷ್ ಕ್ಯಾಥೊಲಿಕ್ ಮನೆತನದವನು. ಲೆಕ್ಕಪತ್ರದ ಗುಮಾಸ್ತೆಯ ಕೆಲಸ ಕಲಿತವನು. ಅವನು ಬರೆದ ವಿಷಯಗಳನ್ನು ನೋಡಿ. ಮೊದಲನೆಯ ಹಾಡು ವಾರ್ ಪಿಗ್ಸ್: ಬಡವರ ಮಕ್ಕಳನ್ನು ರಣಕ್ಕೆ ಅಟ್ಟಿ ತಾವು ಮನೆಯಲ್ಲಿ ಕುಳಿತಿರುವ ದೊಡ್ಡ ಮನುಷ್ಯರು ದೇವರ ಮುಂದೆ ಲೆಕ್ಕ ಒಪ್ಪಿಸಬೇಕಾದ ದಿನದ ಚಿತ್ರ. ವಿಯೆಟ್ನಾಮಿನ ಯುದ್ಧವು ಆಗ ನಡೆಯುತ್ತಿತ್ತು. ಪ್ಯಾರನಾಯ್ಡ್ ಎಂಬುದು ಕಾರಣವಿಲ್ಲದ ಸಂಶಯದ ರೋಗಕ್ಕೆ ಹೇಳುವ ಮಾತಾದರೂ, ಹಾಡಿನಲ್ಲಿರುವುದು ಏತರಲ್ಲಿಯೂ ಸುಖ ಕಾಣದ ಮನೋವ್ಯಥೆ. ಬಟ್ಲರನು ಸ್ವತಃ ಅನುಭವಿಸಿ, ಯಾರೊಡನೆಯೂ ಹೇಳಲಾರದೆ ಇದ್ದ ವ್ಯಥೆ. ‘ಐರನ್ ಮ್ಯಾನ್’ ಎಂಬುದು ಕಬ್ಬಿಣದ ಮನುಷ್ಯನ ಕಥೆ: ಮುಂದೊದಗುವ ಪ್ರಳಯವನ್ನು ಕಂಡು ಜನರನ್ನು ಎಚ್ಚರಿಸಲು ಮರಳಿ ಬರುತ್ತ, ದಾರಿಯಲ್ಲಿ ಕಬ್ಬಿಣವಾಗಿಬಿಟ್ಟವನು, ಮಾತನಾಡಲಾರದ ಅವನನ್ನು ಜನರು ಕಡೆಗಣಿಸಲು, ಅವನು ತಾನು ಕಂಡ ಪ್ರಳಯವನ್ನು ತಾನೇ ತರುವನು. ‘ಎಲೆಕ್ಟ್ರಿಕ್ ಫ್ಯೂನರಲ್’ ಅಣುಬಾಂಬಿನ ಅನಂತರದ ಲೋಕವನ್ನು ವರ್ಣಿಸುವುದು. ‘ಹ್ಯಾಂಡ್ ಆಫ್ ಡೂಮ್’ ಯುದ್ಧದಿಂದ ಮಾದಕದ್ರವ್ಯದ ಚಟವನ್ನು ಹೊತ್ತುಕೊಂಡು ಹಿಂದಿರುಗಿದ ಸೈನಿಕರ ದುರಂತ. ನಡುವೆ ‘ಪ್ಲ್ಯಾನೆಟ್ ಕ್ಯಾರವಾನ್’ ಎಂಬ ಒಂದು ಮೃದುವಾದ ಹಾಡು: ಕೈಯಿಂದ ತಟ್ಟುವ ಡೋಲಿನ ಮೆಲುದನಿಯ ಮೇಲೆ, ನೀರಿನೊಳಗಿಂದ ಕೇಳಿಬರುವಂಥ ಕಂಠದಲ್ಲಿ, ನಕ್ಷತ್ರಗಳ ನಡುವೆ ಪ್ರಯಾಣ.

ಸಂಗೀತ ಬಲ್ಲ ಓದುಗರಿಗೆ ಇಲ್ಲಿಯ ನಾದದ ಮರ್ಮವನ್ನು ಎರಡು ಮಾತಿನಲ್ಲಿ ಹೇಳಬಹುದು. ಪಾಶ್ಚಾತ್ಯ ಸಂಗೀತದಲ್ಲಿ ಷಡ್ಜ, ಗಾಂಧಾರ, ಪಂಚಮಗಳನ್ನು ಒಟ್ಟಿಗೆ ನುಡಿಸುವುದು ವಾಡಿಕೆ. ಗಾಂಧಾರವು ಅಂತರವಾದರೆ ಹರ್ಷ, ಸಾಧಾರಣವಾದರೆ ವಿಷಾದ ಎಂದು ಅವರ ಕಿವಿಗೆ ತೋರುವುದು. ಈ ಬಗೆಯ ಗಿಟಾರಿನಲ್ಲಿ ಧ್ವನಿಯನ್ನು ವಿದ್ಯುಚ್ಛಕ್ತಿಯಿಂದ ಒಡೆಯುವಷ್ಟು ಹಿಗ್ಗಿಸುವರು. ಆಗ ಗಾಂಧಾರ ಸೇರಿದರೆ ನಾದವು ಕಲಸಿಹೋಗುವುದು. ಆದುದರಿಂದ ಅದನ್ನು ಬಿಟ್ಟು ಷಡ್ಜ ಪಂಚಮಗಳನ್ನೇ ಹೆಚ್ಚಾಗಿ ನುಡಿಸುವರು. ಎರಡೇ ಬೆರಳಿನ ಕೆಲಸವದು. ಗಾಯಗೊಂಡ ಕೈಗೆ ಒಗ್ಗತಕ್ಕದ್ದು. ಷಡ್ಜ ಪಂಚಮಗಳೆಂದರೆ ನಮ್ಮ ತಂಬೂರಿಯ ಸ್ವರಗಳೇ ಅಲ್ಲವೆ? ತಂಬೂರಿಯು ಆ ಎರಡನ್ನು ಹಿಡಿದು ಒಂದೇ ಕಡೆ ನಿಂತಿರುವುದು. ಇವರು ಆ ಎರಡನ್ನು ಕೂಡಿಯೇ ಎತ್ತಿ, ಭಾರವಾದ ಕಲ್ಲನ್ನು ಉರುಳಿಸುವಂತೆ, ಮೇಲಕ್ಕೂ ಕೆಳಕ್ಕೂ ಸಾಗಿಸುವರು. ಇವರ ಮೊದಲನೆಯ ಆಲ್ಬಮ್ಮಿನ ಮೊದಲನೆಯ ಹಾಡು ಕೇಳುವವರ ಮೈ ನಡುಗಿಸಿದುದು ಷಡ್ಜಕ್ಕೆ ಪ್ರತಿಮಧ್ಯಮವನ್ನು ಎದುರು ನಿಲ್ಲಿಸಿದುದರಿಂದ. ಅದೇ ಪ್ರತಿಮಧ್ಯಮವು ನಮ್ಮ ಕಲ್ಯಾಣಿಯಲ್ಲಿ ಮಂಗಳಕರವಾಗಿರುವುದು. ಸ್ವರದಲ್ಲಿ ದೆವ್ವವಿಲ್ಲ, ನಿಲ್ಲಿಸುವ ಬಗೆಯಲ್ಲಿ ಎಲ್ಲವೂ ಇದೆ.

ದೆವ್ವದ ಮಾತು ಬಂದುದರಿಂದ ಹೆತ್ತವರ ಮನಸ್ಸಿನಲ್ಲಿರುವ ಶಂಕೆಯನ್ನೂ ಎದುರಿಸಬೇಕು. ಇದು ಪಿಶಾಚೋಪಾಸನೆಯ ಸಂಗೀತ, ಮಕ್ಕಳನ್ನು ಕೆಡಿಸುವುದು ಎಂಬ ಕೂಗು ಇಂಗ್ಲೆಂಡ್ ಅಮೆರಿಕಗಳಲ್ಲಿ ಬಹುಕಾಲ ಇದ್ದಿತು. ಆದರೆ ಈ ಹಾಡುಗಳಲ್ಲಿ ಸೈತಾನನು ಬರುವುದು ಪೂಜ್ಯನಾಗಿ ಅಲ್ಲ, ಯುದ್ಧ ಹೂಡಿದವರ ಗತಿಯನ್ನು ಕಂಡು ನಗುವವನಾಗಿ. ಮೇಳದವರು ಕೊರಳಲ್ಲಿ ಧರಿಸುತ್ತಿದ್ದ ಶಿಲುಬೆಗಳನ್ನು ಮಾಡಿಕೊಟ್ಟವನು ಐಯೋಮಿಯ ತಂದೆಯೇ. ಹಾಗೆಂದು ಇವರನ್ನು ಸಾಧುಗಳೆಂದು ಹೊಗಳುವುದೂ ಸಲ್ಲದು. ಮಾದಕದ್ರವ್ಯವು ನಾಶಕ್ಕೆ ದಾರಿಯೆಂದು ಹಾಡಿದವರೇ ಆ ದಾರಿಯಲ್ಲಿ ಬಹುದೂರ ಹೋದರು. ಕುಡಿತವೂ ಆ ಚಟವೂ ಮಿತಿಮೀರಿ ಓಜಿಯು 1979ರಲ್ಲಿ ಮೇಳದಿಂದಲೇ ಹೊರಬೀಳಬೇಕಾಯಿತು. ಹಾಡಿನ ಮಾತು ಹಾಡಿದವನ ನಡತೆಗಿಂತ ದೊಡ್ಡದಾಗಿದ್ದಿತು. ಈ ಎರಡನ್ನೂ ಮಕ್ಕಳಿಗೆ ಮರೆಮಾಚದೆ ಹೇಳುವುದೇ ಒಳ್ಳೆಯದು.

ಇಷ್ಟಾದರೂ ಈ ಹಾಡುಗಳನ್ನು ಜನರು ಒಲಿದುದೇಕೆ? ಆ ಕಾಲದ ಪ್ರಸಿದ್ಧ ಹಾಡುಗಳಲ್ಲಿ ಎಷ್ಟೋ ಹೂವು, ಒಲವು, ಶಾಂತಿಯ ಕನಸುಗಳನ್ನು ಹಾಡುತ್ತಿದ್ದುವು. ರಾತ್ರಿಯ ಪಾಳಿ ಮುಗಿಸಿ ಮಸಿಹತ್ತಿದ ಬೀದಿಯಲ್ಲಿ ಮನೆಗೆ ನಡೆಯುವ ಹುಡುಗನಿಗೆ ಆ ಕನಸು ತನ್ನದೆನಿಸಲಿಲ್ಲ. ಅವನಿಗೆ ಇದ್ದುದು ಭಯ. ಕೆಲಸದ ಭಯ, ಯುದ್ಧದ ಭಯ, ತನ್ನ ಮನಸ್ಸಿನದೇ ಭಯ. ಅಂಥವನಿಗೆ ‘ಹೆದರಬೇಡ, ಎಲ್ಲವೂ ಸರಿಹೋಗುವುದು’ ಎಂದು ಹೇಳುವವರು ಬೇಕಾದಷ್ಟು ಮಂದಿ. ‘ನನಗೂ ಹೆದರಿಕೆಯಾಗಿದೆ’ ಎಂದು ಗಟ್ಟಿಯಾಗಿ ಹೇಳುವವರು ಯಾರು? ಈ ತಟ್ಟೆಯು ಅದನ್ನು ಹೇಳಿತು. ಹೇಳಿದುದು ಅಳುವಿನ ದನಿಯಲ್ಲಲ್ಲ, ಸುತ್ತಿಗೆಯ ದನಿಯಲ್ಲಿ. ಒಬ್ಬನೇ ನುಂಗಿಕೊಂಡ ಭಯವು ಮನುಷ್ಯನನ್ನು ಕುಗ್ಗಿಸುವುದು. ಸಾವಿರ ಜನರ ನಡುವೆ ನಿಂತು ಕೂಗಿದ ಭಯವು ಹಗುರವಾಗುವುದು. ಊರಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದುವು. ಆಸ್ಟನ್ನಿನ ಹವೆಯಲ್ಲಿ ಹುಳಿವಾಸನೆಯನ್ನು ಬೀರುತ್ತಿದ್ದ ಪ್ರಸಿದ್ಧ ಸಾಸ್ ಕಾರ್ಖಾನೆಯೂ 2007ರಲ್ಲಿ ನಿಂತಿತು. ಕುಲುಮೆ ಆರಿತು, ಕುಲುಮೆಯ ಮಕ್ಕಳ ಹಾಡು ಆರಲಿಲ್ಲ. ಕುಲುಮೆಯನ್ನೇ ಕಾಣದವರೂ ಅದನ್ನು ತಮ್ಮದೆಂದುಕೊಂಡರು. ನಮ್ಮ ಬೆಂಗಳೂರಿನ ಅರಮನೆಯ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕ ಎಂಬ ಮೇಳಗಳು ಬಂದು ನುಡಿಸಿದಾಗ ಸಹಸ್ರಾರು ತರುಣರು ನೆರೆದಿದ್ದರು. ಆ ಎರಡು ಮೇಳಗಳೂ ಈ ಆಸ್ಟನ್ನಿನ ನಾಲ್ವರ ಹಾದಿಯಲ್ಲಿ ನಡೆದುವೇ.

ಹೆತ್ತ ಊರು ಮಾತ್ರ ಇವರನ್ನು ಒಪ್ಪಿಕೊಳ್ಳಲು ತಡಮಾಡಿತು. ಬಹುಕಾಲ ಪ್ರವಾಸಿಗಳಿಗೆ ತೋರಿಸುವ ಹೆಮ್ಮೆಯ ಪಟ್ಟಿಯಲ್ಲಿ ಇವರಿಗೆ ಸ್ಥಾನವಿರಲಿಲ್ಲ. ಆಮೇಲೆ ಸೇತುವೆ ಬಂದಿತು, ಗೂಳಿ ಬಂದಿತು. 2023ರಲ್ಲಿ ನಗರದ ರಾಯಲ್ ಬ್ಯಾಲೆಯವರು ಇವರ ಸಂಗೀತಕ್ಕೆ ನೃತ್ಯವನ್ನೇ ರಚಿಸಿ ಆಡಿದರು. 2025ರಲ್ಲಿ ನಾಲ್ವರಿಗೂ ನಗರದ ಗೌರವ ಪೌರತ್ವ ದೊರೆಯಿತು. ಆ ವರ್ಷದ ಜುಲೈ 5ರಂದು, ಓಜಿಯ ಬಾಲ್ಯದ ಮನೆಗೆ ಸಮೀಪದ ಅದೇ ವಿಲ್ಲಾ ಪಾರ್ಕಿನಲ್ಲಿ, ನಾಲ್ವರೂ ಇಪ್ಪತ್ತು ವರ್ಷಗಳ ಅನಂತರ ಮತ್ತೆ ಕೂಡಿದರು. ಮೆಟಾಲಿಕ ಮೊದಲಾದ ಮೇಳಗಳು ಬಂದು ಗುರುಕಾಣಿಕೆಯಂತೆ ನುಡಿಸಿದುವು. ಪಾರ್ಕಿನ್ಸನ್ ರೋಗದಿಂದ ನಿಲ್ಲಲಾರದ ಓಜಿಯು ಸಿಂಹಾಸನದಂಥ ಪೀಠದಲ್ಲಿ ಕುಳಿತು ಹಾಡಿದನು. ನಾಲ್ವರು ಕೂಡಿ ನುಡಿಸಿದ ನಾಲ್ಕು ಹಾಡುಗಳಲ್ಲಿ ಮೂರು 1970ರ ಈ ಆಲ್ಬಮ್ಮಿನವು, ಕೊನೆಯದು ಪ್ಯಾರನಾಯ್ಡ್. ಉತ್ಪತ್ತಿಯು ಪಾರ್ಕಿನ್ಸನ್ ರೋಗದ ಚಿಕಿತ್ಸೆಯ ಸಂಶೋಧನೆಗೂ ಊರಿನ ಮಕ್ಕಳ ಆಸ್ಪತ್ರೆಗೂ ಮಕ್ಕಳ ಶುಶ್ರೂಷಾಲಯಕ್ಕೂ ಮೀಸಲಾಗಿದ್ದಿತು. ಹದಿನೇಳು ದಿನಗಳ ಮೇಲೆ, ಜುಲೈ 22ರಂದು, ಓಜಿಯು ತೀರಿಕೊಂಡನು. 30ರಂದು ಶವದ ಗಾಡಿಯು ಬ್ರಾಡ್ ಸ್ಟ್ರೀಟಿನಲ್ಲಿ ಸಾಗಿ ಸೇತುವೆಯ ಬಳಿ ನಿಂತಿತು. ಆಸನವು ಹೂವುಗಳಲ್ಲಿ ಮುಚ್ಚಿಹೋಗಿದ್ದಿತು. ಊರಿನ ಹಿತ್ತಾಳೆವಾದ್ಯದವರು ಮುಂದೆ ನುಡಿಸುತ್ತ ನಡೆದರು. ಬೀದಿಯ ಎರಡು ಕಡೆಯೂ ಸಾವಿರಾರು ಜನ.

ಮನೆಯಲ್ಲಿ ಮಗನೋ ಮಗಳೋ ಕೋಣೆಯ ಬಾಗಿಲನ್ನು ಮುಚ್ಚಿಕೊಂಡು ಇಂಥ ಸಂಗೀತವನ್ನು ಕೇಳುತ್ತಿದ್ದರೆ, ಸದ್ದು ನಿಲ್ಲಿಸೆಂದು ಗದರಿಸುವುದು ಸುಲಭ. ಸದ್ದನ್ನು ಸ್ವಲ್ಪ ತಗ್ಗಿಸೆಂದು ಹೇಳುವುದು ನ್ಯಾಯ. ಆದರೆ ಒಂದು ಸಂಜೆ ಪಕ್ಕದಲ್ಲಿ ಕುಳಿತು ತಾವೂ ಕೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ. ಪ್ಲ್ಯಾನೆಟ್ ಕ್ಯಾರವಾನಿನಿಂದ ಪ್ರಾರಂಭಿಸಿದರೆ ಹಿರಿಯರ ಕಿವಿಗೆ ಅಷ್ಟೇನೂ ಕಷ್ಟವಾಗದು. ಹಾಡು ಹಿಡಿಸದಿದ್ದರೂ ಚಿಂತೆಯಿಲ್ಲ. ಅದರಲ್ಲಿ ನಿನಗೆ ಮೆಚ್ಚಾದುದು ಯಾವುದು ಎಂದು ಮಕ್ಕಳನ್ನು ಕೇಳಿದರೆ, ಅವರು ಎಂದೂ ಬಾಯಿಬಿಟ್ಟು ಹೇಳದ ಯಾವುದಾದರೊಂದು ಅಂಜಿಕೆಯು ಆ ಉತ್ತರದಲ್ಲಿ ತಾನಾಗಿಯೇ ಹೊರಬರಬಹುದು. ಅದನ್ನು ಕೇಳಿಸಿಕೊಳ್ಳಲು ಮನೆಯಲ್ಲಿ ಒಬ್ಬರಾದರೂ ಇರಬೇಕು.